ಹೊಸ ಕುದುರೆ ಮನೆಗೆ ಬಂದಾಗ: ಲಾಯ ಸಿದ್ಧ ಮಾಡುವುದರಿಂದ ಮೊದಲ ಸವಾರಿಯವರೆಗೆ

ವಿಜಯಪುರದಿಂದ ಇಂಡಿ ಕಡೆ ಹೋಗುವ ದಾರಿಯಲ್ಲಿ ನಮ್ಮ ಹೊಲ ಇದೆ. ಮನೆಯಲ್ಲಿ ಅಜ್ಜನ ಕಾಲದಿಂದ ಎತ್ತು, ಆಕಳು ಇವೆ. ದನ ಸಾಕಿ ಗೊತ್ತಿದೆ, ಕುದುರೆ ಸಾಕುವುದು ಏನು ಮಹಾ ಅಂದುಕೊಂಡು ನಾನು ಗೌರಿಯನ್ನು ತಂದೆ. ಆಗ ಅವಳಿಗೆ ನಾಲ್ಕು ವರ್ಷ. ಬಂದ ಐದನೇ ದಿನ ರಾತ್ರಿ ಅವಳು ಸಾಯುವ ಹಾಗಾಗಿದ್ದಳು. ಕಾರಣ ನಾನೇ. ಎತ್ತಿನ ಲೆಕ್ಕವನ್ನು ಕುದುರೆಗೆ ಹಾಕಿದ್ದೆ.

ನಮ್ಮ ಭಾಗಕ್ಕೆ ಕುದುರೆ ಹೊಸದಲ್ಲ. ಗೋಳಗುಮ್ಮಟದ ಮುಂದೆ ಟಾಂಗಾ ನಿಲ್ಲುತ್ತವೆ. ಅಥಣಿ, ರಾಯಬಾಗ ಕಡೆ ಜಾತ್ರೆಗಳಲ್ಲಿ ಕುದುರೆ ಗಾಡಿ ಶರ್ಯತ್ತು ನಡೆಯುತ್ತದೆ. ಚಿಕ್ಕೋಡಿ ಕಡೆಯ ಅಂಕಲಿಯಿಂದ ಪ್ರತಿ ವರ್ಷ ಎರಡು ಕುದುರೆಗಳು ಆಳಂದಿಗೆ ನಡೆದು ಹೋಗಿ ಜ್ಞಾನೇಶ್ವರ ಮಹಾರಾಜರ ಪಲ್ಲಕ್ಕಿಯ ಜೊತೆ ಪಂಢರಪುರಕ್ಕೆ ಹೋಗುತ್ತವೆ. ಆದರೂ ಹೊಸದಾಗಿ ಕುದುರೆ ತರುವವರಲ್ಲಿ ಹೆಚ್ಚಿನವರು ನನ್ನ ಹಾಗೆ ದನದ ಮನೆಯವರೇ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದನ್ನು ತಿಳಿದುಕೊಳ್ಳಿ

ಎತ್ತಿನ ಹೊಟ್ಟೆಯಲ್ಲಿ ನಾಲ್ಕು ಭಾಗ. ಒಮ್ಮೆ ತುಂಬಿಸಿಕೊಂಡರೆ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತದೆ. ಕುದುರೆಯ ಜಠರ ಒಂದೇ, ಮೈಗೆ ಹೋಲಿಸಿದರೆ ತುಂಬಾ ಚಿಕ್ಕದು, ಸುಮಾರು 8ರಿಂದ 15 ಲೀಟರ್ ಅಷ್ಟೇ. ಅದಕ್ಕೆ ದಿನವಿಡೀ ಸ್ವಲ್ಪ ಸ್ವಲ್ಪ ಮೇವು ಬೇಕು. ಇನ್ನೊಂದು ಮಾತು, ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ತಪ್ಪಾದದ್ದು ಒಳಗೆ ಹೋದರೆ ವಾಪಸ್ ಬರುವ ದಾರಿ ಇಲ್ಲ.

ಮನಸ್ಸೂ ಹಾಗೆಯೇ ಬೇರೆ. ಹೆದರಿದರೆ ಎತ್ತು ನಿಂತು ಕೊಂಬು ತೋರಿಸಬಹುದು. ಕುದುರೆ ಓಡುತ್ತದೆ. ಓಡಲು ಜಾಗ ಇಲ್ಲದಾಗ ಒದೆಯುತ್ತದೆ, ಕಚ್ಚುತ್ತದೆ. ನಾವು "ಹಟಮಾರಿ" ಅನ್ನುವ ಎಷ್ಟೋ ಕುದುರೆಗಳು ನಿಜಕ್ಕೂ ಹೆದರಿದ ಕುದುರೆಗಳು.

ಹಂತ 1: ಕೊಳ್ಳುವಾಗ

ನಮ್ಮ ಕಡೆಯವರು ಹೆಚ್ಚಾಗಿ ಮಹಾರಾಷ್ಟ್ರದ ಅಕಲೂಜ್ ಬಜಾರಿಗೆ ಹೋಗುತ್ತಾರೆ. ದೂರ ಹೋಗುವವರು ದತ್ತ ಜಯಂತಿ ಹೊತ್ತಿಗೆ ನಡೆಯುವ ಸಾರಂಗಖೇಡಾ ಜಾತ್ರೆಗೂ ಹೋಗುತ್ತಾರೆ. ಅಲ್ಲಿ ಮಾರವಾಡಿ, ಕಾಠಿಯಾವಾಡಿ, ಸಿಂಧಿ ಕುದುರೆಗಳು ಕಣ್ಣು ಕುಕ್ಕುವ ಹಾಗೆ ನಿಂತಿರುತ್ತವೆ. ಮೊದಲ ಕುದುರೆಗೆ ನನ್ನ ಸಲಹೆ ಬೇರೆ. ಭೀಮಾ ದಡದ ಭೀಮ್‌ಥಡಿ ತಳಿಯ ಅಥವಾ ಅದರ ರಕ್ತ ಇರುವ ಗಿಡ್ಡ, ಗಟ್ಟಿ ಕುದುರೆ ಸಿಕ್ಕರೆ ಬಿಡಬೇಡಿ. ಅದು ನಮ್ಮ ಬಿಸಿಲು, ನಮ್ಮ ಕಲ್ಲು ನೆಲ ಕಂಡ ಕುದುರೆ. ವಯಸ್ಸು ಆರರಿಂದ ಹತ್ತರೊಳಗೆ ಇರಲಿ. ಹೆಣ್ಣು ಕುದುರೆ ಅಥವಾ ಬೀಜ ತೆಗೆಸಿದ ಗಂಡು ತನ್ನಿ. ಬೀಜದ ಗಂಡು ಹೊಸಬರಿಗಲ್ಲ.

ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು ಅಂತಾರೆ. ದುಡ್ಡು ಕೊಟ್ಟು ತರುವ ಕುದುರೆಯ ಹಲ್ಲನ್ನು ಮಾತ್ರ ಎಣಿಸಲೇಬೇಕು. ಎರಡೂವರೆ ವರ್ಷಕ್ಕೆ ಮುಂದಿನ ನಡುವಿನ ಜೋಡಿ ಹಾಲು ಹಲ್ಲು ಬಿದ್ದು ಹೊಸದು ಬರುತ್ತದೆ. ಮೂರೂವರೆಗೆ ಅದರ ಪಕ್ಕದ ಜೋಡಿ, ನಾಲ್ಕೂವರೆಗೆ ಮೂಲೆಯ ಜೋಡಿ. ಐದಕ್ಕೆ ಬಾಯಿ ಪೂರ್ತಿ. ಮಾರುವವರು ಮೂರು ವರ್ಷದ ಮರಿಯನ್ನು "ಐದು ಆಗೇದ" ಅಂದರೆ ಬಾಯಿ ನಿಜ ಹೇಳುತ್ತದೆ.

ಸುಳಿ ನೋಡುವವರು ಜೊತೆಗೆ ಬರುತ್ತಾರೆ. ನೋಡಲಿ, ಹಿರಿಯರ ಮನಸ್ಸಿಗೆ ಸಮಾಧಾನ. ನೀವು ಮಾತ್ರ ಸುಳಿಗಿಂತ ಮೊದಲು ಗೊರಸು ನೋಡಿ. ನಾಲ್ಕೂ ಕಾಲು ಎತ್ತಿಸಿ ನೋಡಿ. ಗಟ್ಟಿ ನೆಲದ ಮೇಲೆ ನಡೆಸಿ, ದುಡುಕಿಯಲ್ಲಿ, ಅಂದರೆ ನಡಿಗೆಗಿಂತ ಜೋರಾದ ಕುಲುಕು ಓಟದಲ್ಲಿ, ಓಡಿಸಿ ನೋಡಿ. ಓಡುವಾಗ ತಲೆ ಒಂದೇ ಕಾಲಿಗೆ ಮೇಲೆದ್ದು ಬೀಳುತ್ತಿದ್ದರೆ ಕುಂಟು ಇದೆ ಅಂತಲೇ ಅರ್ಥ.

ಗ್ಲಾಂಡರ್ಸ್ ರೋಗದ ರಕ್ತ ಪರೀಕ್ಷೆ ಆಗದ ಕುದುರೆಗೆ ಮುಂಗಡ ಕೊಡಬೇಡಿ. ಇದು ಮನುಷ್ಯರಿಗೂ ಅಂಟುವ ರೋಗ. 2009ರ ಪ್ರಾಣಿ ರೋಗ ನಿಯಂತ್ರಣ ಕಾಯ್ದೆಯಡಿ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳಲ್ಲಿ ಒಂದು. ರೋಗ ಖಚಿತವಾದರೆ ಕುದುರೆಯನ್ನು ಉಳಿಸಿಕೊಳ್ಳಲು ಬರುವುದಿಲ್ಲ. ನೊಣದಿಂದ ಹರಡುವ ಸರ್ರಾ ರೋಗದ ಪರೀಕ್ಷೆಯನ್ನೂ ಅದೇ ರಕ್ತದಲ್ಲಿ ಮಾಡಿಸಿ. ಧನುರ್ವಾಯು ಲಸಿಕೆ ಯಾವಾಗ ಹಾಕಿಸಿದ್ದು ಅಂತ ಕೇಳಿ. ಉತ್ತರ ಸರಿಯಾಗಿ ಬರದಿದ್ದರೆ ಹಾಕಿಸಿಯೇ ಇಲ್ಲ ಅಂದುಕೊಂಡು ಹೊಸದಾಗಿ ಶುರು ಮಾಡಿ. ತುಕ್ಕು ಮೊಳೆಯ ಒಂದು ಗಾಯ ಸಾಕು, ಕುದುರೆಗೆ ಧನುರ್ವಾಯು ಬಹಳ ಬೇಗ ಬರುತ್ತದೆ.

ಹಂತ 2: ಜಾಗ ಸಿದ್ಧ ಮಾಡುವುದು

ಕುದುರೆ ಬರುವ ಮೊದಲೇ ಲಾಯ ಮುಗಿದಿರಬೇಕು. 12 ಅಡಿ ಉದ್ದ, 12 ಅಡಿ ಅಗಲ ಇದ್ದರೆ ಮಲಗಿ ಏಳಲು ಸಾಕು. ತಗಡಿನ ಸೂರು ತಗ್ಗಾಗಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಲಾಯ ಒಲೆಯಾಗುತ್ತದೆ. ನಾವು ತಗಡಿನ ಮೇಲೆ ಕಬ್ಬಿನ ರವದಿ ಹೊದಿಸಿದ್ದೇವೆ. ಗಾಳಿ ಎರಡೂ ಕಡೆಯಿಂದ ಆಡಬೇಕು. ನೆಲ ಒಣಗಿರಬೇಕು. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಗೊರಸಿಗೆ ಮೆತ್ತಿಕೊಂಡು ಕೂತರೆ ಗೊರಸಿನ ಅಡಿಯ ಮೆತ್ತನೆ ಭಾಗ ಕೊಳೆತು ನಾರುತ್ತದೆ. ಅದಕ್ಕೆ ಗರಸು (ಹರಳು ಮಣ್ಣು) ಹಾಕಿ ಎತ್ತರಿಸಿ. ಗೋಡೆಯ ಮೊಳೆ, ತಂತಿ, ತಗಡಿನ ಅಂಚು ಎಲ್ಲ ತೆಗೆಯಿರಿ. ಮುಳ್ಳುತಂತಿ ಬೇಲಿ ಇದ್ದರೆ ಅಲ್ಲಿ ಕುದುರೆ ಬಿಡಬೇಡಿ.

ಸುತ್ತ ಏನು ಬೆಳೆದಿದೆ ಅಂತ ಒಮ್ಮೆ ತಿರುಗಾಡಿ ನೋಡಿ. ಕಣಗಿಲೆ ಇದ್ದರೆ ಬೇರು ಸಮೇತ ಕಿತ್ತು ಹಾಕಿ. ಪೂಜೆಗೆ ಅಂತ ಮನೆ ಮುಂದೆ ಬೆಳೆಸಿರುತ್ತೇವೆ, ಹೆದ್ದಾರಿ ನಡುವೆಯೂ ಸಾಲಾಗಿ ನೆಟ್ಟಿರುತ್ತಾರೆ. ಅದರ ಕೆಲವೇ ಎಲೆ ತಿಂದರೂ ಕುದುರೆಯ ಹೃದಯ ನಿಲ್ಲುತ್ತದೆ. ಒಣಗಿದ ಎಲೆಯೂ ವಿಷವೇ. ಔಡಲ ಬೀಜವೂ ಹಾಗೆಯೇ.

ಕುದುರೆ ಒಂಟಿಯಾಗಿರಲು ಹುಟ್ಟಿದ ಪ್ರಾಣಿ ಅಲ್ಲ. ಇನ್ನೊಂದು ಕುದುರೆ ಇಲ್ಲದಿದ್ದರೆ ಒಂದು ಆಡು ಕಟ್ಟಿ. ಗೌರಿಯ ಪಕ್ಕ ನಮ್ಮ ಆಡು ಮಲಗಿದ ದಿನವೇ ಅವಳು ರಾತ್ರಿಯಿಡೀ ಕೆನೆಯುವುದನ್ನು ನಿಲ್ಲಿಸಿದಳು. ಆದರೆ ಮನೆಯಲ್ಲಿ ಬೇರೆ ಕುದುರೆ, ಕತ್ತೆ ಇದ್ದರೆ ಹೊಸದನ್ನು ಮೊದಲ ಮೂರು ವಾರ ದೂರ ಇಡಿ. ಬಕೆಟ್ಟು, ಬ್ರಷ್ಷು, ಹಗ್ಗ ಎಲ್ಲ ಬೇರೆ ಇರಲಿ.

ಹಂತ 3: ತರುವ ದಿನ

ಪ್ರಯಾಣಕ್ಕೆ ಯೋಗ್ಯ ಅನ್ನುವ ಪಶುವೈದ್ಯರ ಪ್ರಮಾಣಪತ್ರ ಜೊತೆಗಿರಲಿ. ಗಾಡಿಯ ನೆಲಕ್ಕೆ ಗೋಣಿಚೀಲ, ಮೇಲೆ ಮರಳು ಹಾಕಿ, ಇಲ್ಲದಿದ್ದರೆ ಜಾರುತ್ತದೆ. ರಾತ್ರಿ ಅಥವಾ ನಸುಕಿನಲ್ಲಿ ಹೊರಡಿ. ಮೂರು ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ತೋರಿಸಿ.

ಮಾರುವವರ ಹತ್ತಿರ ಒಂದು ವಾರಕ್ಕಾಗುವಷ್ಟು ಅವರದೇ ಮೇವು, ಅವರದೇ ದಾಣಿ (ಕಾಳಿನ ತಿನಿಸು) ಕೇಳಿ ತನ್ನಿ. ದುಡ್ಡು ಕೊಟ್ಟಾದರೂ ತನ್ನಿ. ಇದು ಏಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಮನೆಗೆ ಬಂದಾಗ ಊರೆಲ್ಲ ಸೇರುತ್ತದೆ. ಕುಂಕುಮ ಹಚ್ಚಿ, ಆರತಿ ಮಾಡಿ. ಅಲ್ಲಿಗೆ ಸಾಕು. ಹಲಗೆ ಬಾರಿಸುವುದು ಬೇಡ, ಪಟಾಕಿ ಬೇಡ, ಮಕ್ಕಳನ್ನು ಹತ್ತಿಸಿ ಫೋಟೋ ಬೇಡ. ನೀರು ಇಟ್ಟು, ಒಣಮೇವು ಹಾಕಿ, ಎಲ್ಲರನ್ನೂ ಕಳಿಸಿ.

ಹಂತ 4: ಮೇವು ಮತ್ತು ನೀರು

ಗೌರಿ ಬಂದ ಐದನೇ ದಿನ ಮನೆಯಲ್ಲಿ ಕಾರ್ಯ ಇತ್ತು. ಬಂದ ನೆಂಟರೆಲ್ಲ ಅವಳಿಗೆ ಏನಾದರೂ ತಿನ್ನಿಸಿದರು. ಬೆಲ್ಲ, ನೆನೆಸಿದ ಕಡಲೆ, ಗೋಧಿ ಹಿಟ್ಟಿನ ಉಂಡೆ. ಸಂಜೆ ನಾನೇ ಖುಷಿಯಲ್ಲಿ ಒಂದು ಬುಟ್ಟಿ ಹುರುಳಿ ಸುರಿದೆ. ರಾತ್ರಿ ಹನ್ನೊಂದಕ್ಕೆ ಲಾಯದಿಂದ ದಬದಬ ಸದ್ದು. ಹೋಗಿ ನೋಡಿದರೆ ಮುಂಗಾಲಿಂದ ನೆಲ ಕೆರೆಯುತ್ತಿದ್ದಾಳೆ. ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುತ್ತಾಳೆ. ಮಲಗುತ್ತಾಳೆ, ಹೊರಳುತ್ತಾಳೆ, ಏಳುತ್ತಾಳೆ. ಕಿವಿಯ ಹಿಂದೆ ಬೆವರು ನೊರೆಯಾಗಿ ಇಳಿಯುತ್ತಿತ್ತು. ಹೊಟ್ಟೆಗೆ ಕಿವಿ ಇಟ್ಟೆ. ಗುಡುಗುಡು ಅನ್ನಬೇಕಾದ ಹೊಟ್ಟೆ ಸುಮ್ಮನಿತ್ತು.

ಡಾಕ್ಟರು ಬರುವ ಹೊತ್ತಿಗೆ ಒಂದೂವರೆ. ಮೂಗಿನಿಂದ ಹೊಟ್ಟೆಗೆ ನಳಿಗೆ ಬಿಟ್ಟರು, ಇಂಜೆಕ್ಷನ್ ಕೊಟ್ಟರು. ಬೆಳಗಿನ ಐದಕ್ಕೆ ಅವಳು ಲದ್ದಿ ಹಾಕಿದಳು. ಆ ಲದ್ದಿ ನೋಡಿ ನನ್ನ ಹೆಂಡತಿ ಅಲ್ಲೇ ಕೂತು ಅತ್ತಳು. ನನಗೂ ಮಾತು ಬರಲಿಲ್ಲ.

ಇಂಥ ಲಕ್ಷಣ ಕಂಡರೆ ಮೇವು, ದಾಣಿ ಎಲ್ಲ ತೆಗೆಯಿರಿ. ಬಾಯಿಗೆ ಎಣ್ಣೆ ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ತಡ ಮಾಡದೆ ಡಾಕ್ಟರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ಸರ್ಕಾರದ ಪಶು ಚಿಕಿತ್ಸಾ ವಾಹನಕ್ಕೆ 1962 ಇದೆ.

ಈಗ ಮೇವಿನ ಲೆಕ್ಕ. ಮೊದಲು ತೂಕ ಬೇಕು, ತೂಕದ ಯಂತ್ರ ಬೇಡ. ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ ತೆಗೆಯಿರಿ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಿ. ಸುತ್ತಳತೆ 160, ಉದ್ದ 140 ಇದ್ದರೆ ಸುಮಾರು 302 ಕಿಲೋ ಬರುತ್ತದೆ.

ಆ ತೂಕಕ್ಕೆ ದಿನಕ್ಕೆ ಒಟ್ಟು ಒಣ ಲೆಕ್ಕದಲ್ಲಿ ಶೇ 2ರಷ್ಟು, ಅಂದರೆ ಆರು ಕಿಲೋ ಆಹಾರ ಬೇಕು. ಅದರಲ್ಲಿ ಕಡಿಮೆ ಅಂದರೂ ನಾಲ್ಕೂವರೆ ಕಿಲೋ ಮೇವೇ ಇರಬೇಕು. ಒಣಹುಲ್ಲು ಒಳ್ಳೆಯದು. ಚೆನ್ನಾಗಿ ಒಣಗಿದ ಬಿಳಿಜೋಳದ ಕಣಿಕೆಯನ್ನು ಸಣ್ಣಗೆ ಕತ್ತರಿಸಿ ಬೇರೆ ಮೇವಿನ ಜೊತೆ ಕೊಡಬಹುದು. ಹಸಿ ಜೋಳ ಬೇಡವೇ ಬೇಡ. ಎಳೆ ಜೋಳ, ಕೂಳೆ ಚಿಗುರು ದನಕ್ಕೆ ವಿಷ ಅಂತ ನಮಗೆಲ್ಲ ಗೊತ್ತು. ಕುದುರೆ ಹಸಿ ಜೋಳವನ್ನು ದಿನಾ ಮೇಯ್ದರೆ ಮೂತ್ರಕೋಶ ಕೆಟ್ಟು ಹಿಂಗಾಲಿನ ಶಕ್ತಿಯೇ ಹೋಗುತ್ತದೆ. ಕುದುರೆ ಮೆಂತ್ಯದ (ಲೂಸರ್ನ್) ಸೊಪ್ಪು ಹೆಸರಿಗೆ ತಕ್ಕಂತೆ ಒಳ್ಳೆಯದು, ಆದರೆ ಬಾಡಿಸಿ, ಸ್ವಲ್ಪ ಮಾತ್ರ.

ದಾಣಿ ಮೊದಲ ವಾರ ಹಳೆಯ ಮನೆಯದೇ ಇರಲಿ. ಆಮೇಲೆ ಏಳರಿಂದ ಹತ್ತು ದಿನದಲ್ಲಿ ನಿಧಾನವಾಗಿ ಬದಲಿಸಿ. ಮುಕ್ಕಾಲು ಹಳೆಯದು, ಕಾಲು ಹೊಸದು. ಆಮೇಲೆ ಅರ್ಧ ಅರ್ಧ. ಹುರುಳಿ ರಾತ್ರಿ ನೆನೆಸಿಯೋ ಬೇಯಿಸಿಯೋ ಕೊಡಿ. ಕೆಲಸ ಇಲ್ಲದ ಕುದುರೆಗೆ ಎಲ್ಲ ಸೇರಿ ದಿನಕ್ಕೆ ಒಂದು ಕಿಲೋ ಒಳಗಿರಲಿ, ಅದೂ ಎರಡು ಮೂರು ಹೊತ್ತಿಗೆ ಹಂಚಿ. ಬೂಷ್ಟು ಹಿಡಿದ ಗೋವಿನಜೋಳ ಕುದುರೆಯ ಮೆದುಳನ್ನೇ ಕೆಡಿಸುತ್ತದೆ, ಒಂದು ಕಾಳೂ ಬೇಡ. ಆಕಳ ದಾಣಿ ಚೀಲ ಲಾಯದ ಹತ್ತಿರವೂ ಇಡಬೇಡಿ. ಕೆಲವು ದಾಣಿಗಳಲ್ಲಿ ದನಕ್ಕೆ ಅಂತ ಬೆರೆಸುವ ಮೊನೆನ್ಸಿನ್ ಅನ್ನುವ ಔಷಧ ಕುದುರೆಯ ಪ್ರಾಣ ತೆಗೆಯುತ್ತದೆ.

ನೀರು ಯಾವಾಗಲೂ ಮುಂದಿರಲಿ. ಸಾಮಾನ್ಯ ದಿನ 25ರಿಂದ 30 ಲೀಟರ್, ನಮ್ಮ ಬೇಸಿಗೆಯಲ್ಲಿ ಕೆಲಸ ಮಾಡಿದರೆ 50 ದಾಟಬಹುದು. ಒಂದು ಉಪ್ಪಿನ ಗಡ್ಡೆ ಕಟ್ಟಿಬಿಡಿ, ತನಗೆ ಬೇಕಾದಷ್ಟು ನೆಕ್ಕುತ್ತದೆ.

ಹಂತ 5: ಮೊದಲ ವಾರ ಸುಮ್ಮನೆ ಕೂರುವುದು

ಇದು ಕೆಲಸವೇ ಅಲ್ಲ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಒಂದು ಡಬ್ಬ ಬೋರಲು ಹಾಕಿ ಲಾಯದ ಬಾಗಿಲಲ್ಲಿ ಕೂತುಕೊಳ್ಳಿ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಮುಟ್ಟಲು ಹೋಗಬೇಡಿ. ಪೇಪರ್ ಓದಿ, ಫೋನಲ್ಲಿ ಮಾತಾಡಿ. ನಿಮ್ಮ ದನಿ, ನಿಮ್ಮ ವಾಸನೆ ಅದಕ್ಕೆ ಗೊತ್ತಾಗಲಿ. ತಾನಾಗಿ ಬಂದು ಮೂಸಿದರೆ ಮೂಸಲಿ. ಅಂಗೈ ಕೆಳಗೆ ಮಾಡಿ ಕೈ ಮುಂದೆ ಹಿಡಿಯಿರಿ, ಅಷ್ಟೇ.

ಇದೇ ವಾರದಲ್ಲಿ ಅದರ ಲೆಕ್ಕ ಬರೆದಿಡಿ. ವಿಶ್ರಾಂತಿಯಲ್ಲಿ ಮೈಯ ಬಿಸಿ 99.5ರಿಂದ 101.5 ಡಿಗ್ರಿ ಫ್ಯಾರನ್‌ಹೀಟ್, ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ನಾಡಿ ದವಡೆಯ ಒಳ ಅಂಚಿನಲ್ಲಿ ಬೆರಳಿಗೆ ಸಿಗುತ್ತದೆ. ಕುದುರೆ ಚೆನ್ನಾಗಿದ್ದಾಗ ಎಷ್ಟಿತ್ತು ಅಂತ ಗೊತ್ತಿದ್ದರೆ ಮಾತ್ರ ಕೆಟ್ಟಾಗ ಗೊತ್ತಾಗುತ್ತದೆ.

ಹತ್ತಿರ ಹೋಗುವಾಗ ಭುಜದ ಕಡೆಯಿಂದ, ಮಾತಾಡುತ್ತಾ ಹೋಗಿ. ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಕುದುರೆಗೆ ಕಾಣುವುದಿಲ್ಲ. ಮೊದಲು ಮುಖ ಮುಟ್ಟಬೇಡಿ. ಕುತ್ತಿಗೆ ಬೆನ್ನಿಗೆ ಸೇರುವ ಜಾಗದಲ್ಲಿ ಉಗುರಿಂದ ಕೆರೆಯಿರಿ. ಕುದುರೆಗಳು ಒಂದಕ್ಕೊಂದು ಕಚ್ಚಿ ಕೆರೆದುಕೊಳ್ಳುವ ಜಾಗ ಅದು. ಮೇಲ್ದುಟಿ ಮುಂದೆ ಚಾಚಿ ನಡುಗಿಸಿದರೆ ನಿಮ್ಮ ಕೈ ಹಿಡಿಸಿತು ಅಂತ.

ಹಂತ 6: ಹಗ್ಗದ ಪಾಠ

ಗೌರಿ ಲಾಯದಿಂದ ಹೊರಗೆ ಬರಲು ಒಪ್ಪುತ್ತಿರಲಿಲ್ಲ. ನಾನು ಎಳೆದೆ. ತಮ್ಮ ಬಂದು ಎಳೆದ. ಅವಳು ನಾಲ್ಕೂ ಕಾಲು ಊರಿ ನಿಂತಳು. ಎತ್ತಿಗಾದರೆ ಮೂಗುದಾರ ಇರುತ್ತದೆ, ಎಳೆದರೆ ಬರುತ್ತದೆ. ಕೊನೆಗೆ ಊರಲ್ಲಿ ಟಾಂಗಾ ಹೊಡೆಯುವ ಚಾಚಾ ಒಬ್ಬರನ್ನು ಕರೆತಂದೆ. ಅವರು ಹಗ್ಗ ತೆಗೆದುಕೊಂಡು ಅವಳ ಪಕ್ಕಕ್ಕೆ ಹೋಗಿ ನಿಂತರು. ಹಗ್ಗ ಸ್ವಲ್ಪವೇ ಬಿಗಿ ಮಾಡಿದರು, ಹಾಗೇ ಹಿಡಿದರು. ಎಳೆಯಲಿಲ್ಲ, ಬಿಡಲೂ ಇಲ್ಲ. ನಾವು ಬೇವಿನ ಗಿಡದ ಕೆಳಗೆ ಕೂತು ನೋಡುತ್ತಿದ್ದೆವು. ತುಂಬಾ ಹೊತ್ತಾದ ಮೇಲೆ ಗೌರಿ ಮೈಯ ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಹಾಕಿದಳು. ಹೆಜ್ಜೆಯೂ ಅಲ್ಲ. ಚಾಚಾ ತಕ್ಷಣ ಹಗ್ಗ ಪೂರ್ತಿ ಸಡಿಲ ಬಿಟ್ಟು ಕುತ್ತಿಗೆ ಕೆರೆದರು. ಮತ್ತೆ ಬಿಗಿ. ಈ ಸಲ ಅರ್ಧ ಹೆಜ್ಜೆ. ಮತ್ತೆ ಸಡಿಲ. ಹತ್ತನೇ ಸಲಕ್ಕೆ ಅವಳು ಅವರ ಹಿಂದೆ ಅಂಗಳ ದಾಟಿ ಬಂದಳು.

"ತಮ್ಮಾ, ಎಳದ್ರ ಅದೂ ಎಳೀತದ. ಅದರ ಮುಂದ ನೀ ಗೆಲ್ಲಾಂಗಿಲ್ಲ. ಅದು ಹೂಂ ಅಂದಾಗ ನೀ ಬಿಡ್ಬೇಕು. ಬಿಟ್ಟಾಗ ಕಲೀತದ," ಅಂದರು.

ನಂತರ ನಾನು ಕಲಿಸಿದ್ದೆಲ್ಲ ಇದೇ ಒಂದು ಮಾತಿನ ಮೇಲೆ. ಒತ್ತಡ ಸ್ವಲ್ಪ, ಬಿಡುವುದು ತಕ್ಷಣ. ಒಂದು ಕ್ಷಣ ತಡವಾಗಿ ಬಿಟ್ಟರೂ ತಾನು ಯಾವುದಕ್ಕೆ ಬಿಡುಗಡೆ ಪಡೆದೆ ಅನ್ನುವುದು ಅದಕ್ಕೆ ತಿಳಿಯುವುದಿಲ್ಲ.

ಎರಡನೇ, ಮೂರನೇ ವಾರ ಇಷ್ಟು ಮಾತ್ರ ಕಲಿಸಿ. ಜೊತೆಗೆ ನಡೆಯುವುದು. ನಿಂತರೆ ನಿಲ್ಲುವುದು. ಎದೆಗೆ ಬೆರಳು ಒತ್ತಿದರೆ ಹಿಂದೆ ಸರಿಯುವುದು. ಪಕ್ಕೆಗೆ ಒತ್ತಿದರೆ ಹಿಂಭಾಗ ಆಚೆ ತಿರುಗಿಸುವುದು. ದಿನಕ್ಕೆ ಎರಡು ಸಲ, ಒಮ್ಮೆಗೆ 15 ನಿಮಿಷ. ಎಡಗಡೆ ಕಲಿಸಿದ್ದನ್ನು ಬಲಗಡೆಯೂ ಹೊಸದಾಗಿ ಕಲಿಸಬೇಕು. ಹಗ್ಗವನ್ನು ಯಾವತ್ತೂ ಕೈಗೆ ಸುತ್ತಿಕೊಳ್ಳಬೇಡಿ, ಓಡಿದರೆ ಬೆರಳು ಹೋಗುತ್ತವೆ. ಕಟ್ಟುವಾಗ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ.

ಕಾಲು ಎತ್ತಿಸುವುದೂ ಈಗಲೇ. ಭುಜದಿಂದ ಕೈ ಸವರುತ್ತಾ ಕೆಳಗೆ ಇಳಿಸಿ, ಮಂಡಿಯ ಕೆಳಗೆ ಕಾಲಿನ ಹಿಂಬದಿಯ ನರ ಮೆಲ್ಲಗೆ ಹಿಂಡಿ. ಗೊರಸು ಒಂದು ಕ್ಷಣ ಎದ್ದರೂ ಸಾಕು, ತಾವೇ ಕೆಳಗಿಡಿ. ದಿನಾ ಗೊರಸು ಕೆರೆದು ಸ್ವಚ್ಛ ಮಾಡಿ. ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಕಟ್ಟುವವರನ್ನು ಕರೆಸಿ ಕತ್ತರಿಸಿ. ಮೊದಲ ಸಲ ಅವರು ಬಂದಾಗ ಕುದುರೆಗೆ ಇದು ಹೊಸದಾಗಿರಬಾರದು.

ಹಂತ 7: ಸದ್ದು, ಬಣ್ಣ, ರಸ್ತೆ

ಅಂಕಲಿಯ ಕುದುರೆಗಳನ್ನು ನೆನೆಯಿರಿ. ದಾರಿಯಲ್ಲಿ ಕುದುರೆ ಓಡಿಸುವ ರಿಂಗಣ ಅನ್ನುವ ಆಚರಣೆಯಲ್ಲಿ ಲಕ್ಷಾಂತರ ವಾರಕರಿ ಯಾತ್ರಿಕರ ನಡುವೆ, ತಾಳ ಮೃದಂಗದ ಸದ್ದಿನಲ್ಲಿ ಅವು ಓಡುತ್ತವೆ. ಅದು ಒಂದು ದಿನದಲ್ಲಿ ಬಂದ ಧೈರ್ಯ ಅಲ್ಲ, ಅಲ್ವಾ?

ಖಾಲಿ ಗೊಬ್ಬರದ ಚೀಲದಿಂದ ಶುರು ಮಾಡಿ. ದೂರದಲ್ಲಿ ನೆಲದ ಮೇಲಿಡಿ. ಕುದುರೆ ನೋಡಿ, ತಲೆ ತಗ್ಗಿಸಿ, ತುಟಿ ಆಡಿಸಿದರೆ ಚೀಲ ತೆಗೆಯಿರಿ. ಮರುದಿನ ಇನ್ನಷ್ಟು ಹತ್ತಿರ. ಆಮೇಲೆ ಚೀಲದಿಂದ ಭುಜ ಸವರುವುದು. ಆಮೇಲೆ ತಾಡಪತ್ರಿ, ಛತ್ರಿ, ಬೈಕಿನ ಹಾರ್ನು. ಟ್ರ್ಯಾಕ್ಟರ್ ಬರುವಾಗ ಕುದುರೆಯನ್ನು ಅದರ ಹಿಂದೆ ನಡೆಸಿ. ತಾನೇ ಟ್ರ್ಯಾಕ್ಟರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದೇನೆ ಅನಿಸಿದರೆ ಹೆದರಿಕೆ ಕಡಿಮೆ. ಕಿವಿ ಹಿಂದಕ್ಕೆ ಒತ್ತಿ ಕಣ್ಣಿನ ಬಿಳಿ ಕಂಡರೆ ನೀವು ಜಾಸ್ತಿ ಮುಂದೆ ಹೋಗಿದ್ದೀರಿ, ಒಂದು ಮೆಟ್ಟಿಲು ಹಿಂದೆ ಬನ್ನಿ.

ಹಂತ 8: ಕಣದಲ್ಲಿ ಸುತ್ತು, ಆಮೇಲೆ ಜೀನು

ಹಂತಿ ಹೊಡೆಯುತ್ತಿದ್ದ ಹಳೆಯ ಕಣ ಇದ್ದರೆ ಅದಕ್ಕಿಂತ ಒಳ್ಳೆಯ ತರಬೇತಿ ಜಾಗ ಇಲ್ಲ. ಮೇಟಿ ಕಂಬ ಕಿತ್ತುಬಿಡಿ. 50ರಿಂದ 60 ಅಡಿ ಅಗಲ ಬರುವ ಹಾಗೆ ಸುತ್ತ ಬಿದಿರು ಕಟ್ಟಿ, ಮೇಲೆ ಮರಳು ಹಾಸಿ. ಉದ್ದ ಹಗ್ಗದಲ್ಲಿ ಎರಡೂ ದಿಕ್ಕಿಗೆ ಐದೈದು ನಿಮಿಷ ಸುತ್ತು ಸಾಕು. ನಡಿಗೆ, ದುಡುಕಿ, ನಿಲ್ಲು. ಜಾಸ್ತಿ ಸುತ್ತಿಸಿದರೆ ಕೀಲು ಸವೆಯುತ್ತದೆ.

ಜೀನಿಗೆ ಮೊದಲು ಒಂದು ಕಂಬಳಿ ಮಡಚಿ ಬೆನ್ನ ಮೇಲಿಡಿ. ಎರಡು ಮೂರು ದಿನದ ನಂತರ ಜೀನು. ಹೊಟ್ಟೆಪಟ್ಟಿಯನ್ನು ಒಂದೊಂದೇ ತೂತು ಬಿಗಿ ಮಾಡಿ, ನಡುವೆ ನಡೆಸಿ. ಒಮ್ಮೆಗೇ ಬಿಗಿದರೆ ಜೀವಮಾನವಿಡೀ ಜೀನು ಕಂಡಾಗ ಹೊಟ್ಟೆ ಉಬ್ಬಿಸುತ್ತದೆ. ಬೆನ್ನೆಲುಬಿಗೆ ಜೀನು ತಾಗಬಾರದು, ನಡುವೆ ಎರಡು ಬೆರಳು ಆಡಬೇಕು.

ಕಡಿವಾಣ ನುಣುಪಾದದ್ದು ಇರಲಿ. ಮುಳ್ಳು ಕಡಿವಾಣ ಈಗಲೂ ಅಲ್ಲಲ್ಲಿ ಮಾರುತ್ತಾರೆ. 1965ರ ನಿಯಮದ ಪ್ರಕಾರ ಗಾಡಿ ಎಳೆಯುವ, ಹೇರು ಹೊರುವ ಪ್ರಾಣಿಗಳಿಗೆ ಅದನ್ನು ಹಾಕುವಂತಿಲ್ಲ. ನಿಯಮ ಇರದಿದ್ದರೂ ಆ ಬಾಯಿ ಒಮ್ಮೆ ನೋಡಿದವರು ಹಾಕುವುದಿಲ್ಲ. 37 ಡಿಗ್ರಿ ದಾಟುವ ಊರಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಅಂಥ ಪ್ರಾಣಿಗಳಿಂದ ಕೆಲಸ ಮಾಡಿಸಬಾರದು ಅಂತಲೂ ಅದೇ ನಿಯಮ ಹೇಳುತ್ತದೆ. ನಮ್ಮ ವಿಜಯಪುರಕ್ಕೆ ಅದು ಮಾರ್ಚಿನಿಂದಲೇ ಅನ್ವಯ.

ಹಂತ 9: ಮೊದಲ ಸವಾರಿ

ಮೂರು ವರ್ಷ ತುಂಬದ ಕುದುರೆ ಹತ್ತಬೇಡಿ. ಬೆನ್ನಿನ ಎಲುಬು ಐದಾರು ವರ್ಷದವರೆಗೂ ಬಲಿಯುತ್ತಲೇ ಇರುತ್ತದೆ. ಮೊದಲ ದಿನ ಹತ್ತುವುದೇ ಬೇಡ, ಕಟ್ಟೆಯ ಮೇಲೆ ನಿಂತು ಬೆನ್ನ ಮೇಲೆ ಹೊಟ್ಟೆ ಊರಿ ಭಾರ ಕೊಟ್ಟು ಇಳಿಯಿರಿ. ಎರಡನೇ ದಿನವೂ ಅಷ್ಟೇ. ಅದು ಸುಮ್ಮನೆ ನಿಂತಿದ್ದರೆ ಮೂರನೇ ದಿನ ಕಾಲು ದಾಟಿಸಿ ಕೂರಿ. ತಲೆಗೆ ಹೆಲ್ಮೆಟ್ ಇರಲಿ, ಕಾಲಿಗೆ ಹಿಮ್ಮಡಿ ಇರುವ ಬೂಟು ಇರಲಿ. ರಿಕಾಪಿನಲ್ಲಿ (ಪಾದ ಇಡುವ ಬಳೆ) ಪಾದದ ಮುಂಭಾಗ ಮಾತ್ರ. ಪರಿಚಯದವರು ಒಬ್ಬರು ಮುಂದೆ ಹಗ್ಗ ಹಿಡಿದಿರಲಿ.

ನಾನು ಗೌರಿಯ ಮೇಲೆ ಮೊದಲು ಕೂತದ್ದು ಅವಳು ಬಂದ ಏಳನೇ ವಾರ. ಊರವರು ಅಷ್ಟರಲ್ಲಿ ಕೇಳಿ ಕೇಳಿ ಸುಸ್ತಾಗಿದ್ದರು. ಬೆಳಿಗ್ಗೆ ಆರೂವರೆ, ಕಣದಲ್ಲಿ ಚಾಚಾ ಹಗ್ಗ ಹಿಡಿದಿದ್ದರು. ಕೂತ ತಕ್ಷಣ ಅವಳ ಒಂದು ಕಿವಿ ನನ್ನ ಕಡೆ ತಿರುಗಿತು. ನಾನು ಕುತ್ತಿಗೆ ಕೆರೆದೆ. ಎರಡು ಸುತ್ತು ನಡೆದಳು, ನಿಲ್ಲು ಅಂದಾಗ ನಿಂತಳು. ಇನ್ನೆರಡು ಸುತ್ತು ಹೋಗೋಣ ಅಂದೆ. "ಇಳಿ ತಮ್ಮಾ," ಅಂದರು ಚಾಚಾ. ಇಳಿದು ಹೊಟ್ಟೆಪಟ್ಟಿ ಸಡಿಲ ಮಾಡಿದೆ. ಅವಳು ಉದ್ದಕ್ಕೆ ಒಂದು ಉಸಿರು ಬಿಟ್ಟು, ಹಣೆಯನ್ನು ನನ್ನ ತೋಳಿಗೆ ಉಜ್ಜಿದಳು. ಹಗ್ಗ ಜೋಲು ಬಿಟ್ಟು ಇಬ್ಬರೂ ಲಾಯದ ಕಡೆ ನಡೆದೆವು.